ದೆಹಲಿ ಪ್ರದೇಶದ ಗ್ರಾಮೀಣ ಬದುಕಿನ ಸಂಗ್ರಹಾಲಯಗಳು

ಹಳ್ಳಿಯ ಮನೆ, ಬೇಸಾಯದ ಸಲಕರಣೆ, ಅಡುಗೆಮನೆಯ ಪಾತ್ರೆ, ನೇಯ್ಗೆ, ದೇವರು–ದೈವಗಳ ವಿಗ್ರಹ, ಕೈಕಸುಬು ಇವನ್ನೆಲ್ಲ ಸಂಗ್ರಹಿಸಿ, ಜನ ನಡೆದಾಡುತ್ತ ನೋಡುವಂತೆ ಜೋಡಿಸಿದ ಸಂಸ್ಥೆಗಳು. ದೆಹಲಿ ಮತ್ತು ಸುತ್ತಲಿನ ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ ಇಂಥವುಗಳ ಪೈಕಿ ಮುಖ್ಯವಾದುದು ಪ್ರಗತಿ ಮೈದಾನದ ಅಂಚಿನಲ್ಲಿ, ಭೈರೋಂ ಮಾರ್ಗದಲ್ಲಿರುವ ರಾಷ್ಟ್ರೀಯ ಕರಕುಶಲ ಸಂಗ್ರಹಾಲಯ. ಗ್ಯಾಲರಿ, ಬಯಲಿನಲ್ಲಿ ಕಟ್ಟಿದ ಹಳ್ಳಿಮನೆ ಮತ್ತು ಕೆಲಸ ಮಾಡುತ್ತಿರುವ ಕಸುಬುದಾರರು ಮೂರನ್ನೂ ಒಂದೇ ಆವರಣದಲ್ಲಿ ನೋಡಲು ಸಿಗುವುದು ಇದರ ವಿಶೇಷ. ಮೆಹ್ರೌಲಿ–ಗುರುಗ್ರಾಮ ರಸ್ತೆಯ ಆನಂದಗ್ರಾಮದಲ್ಲಿ ರೂಪುಗೊಂಡ ಸಂಸ್ಕೃತಿ ಸಂಗ್ರಹಾಲಯಗಳು, ಪೂಸಾದ ರಾಷ್ಟ್ರೀಯ ಕೃಷಿ ವಿಜ್ಞಾನ ಸಂಗ್ರಹಾಲಯ ಮತ್ತು ರಾಜಘಾಟ್ ಬಳಿಯ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯ ಇದೇ ಬದುಕಿನ ಬೇರೆ ಬೇರೆ ಮುಖಗಳನ್ನು ತೋರಿಸುತ್ತವೆ. ಕನ್ನಡ ಓದುಗರಿಗೆ ಕರಕುಶಲ ಸಂಗ್ರಹಾಲಯ ಎರಡು ಕಾರಣಕ್ಕೆ ಹತ್ತಿರದ್ದು. ಅದರ ಹುಟ್ಟಿನ ಹಿಂದೆ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರ ಪರಿಶ್ರಮವಿದೆ. ಅದರ ಸಂಗ್ರಹದಲ್ಲಿ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಭೂತ ವಿಗ್ರಹಗಳಿವೆ.

ಹಿನ್ನೆಲೆ

ಇಂದಿನ ದೆಹಲಿ ಹಳ್ಳಿಗಳ ಹೊಲಗದ್ದೆಗಳ ಮೇಲೆ ಬೆಳೆದ ನಗರ. 1911ರಲ್ಲಿ ರಾಜಧಾನಿಯನ್ನು ಕಲ್ಕತ್ತದಿಂದ ಇಲ್ಲಿಗೆ ತರುವ ಘೋಷಣೆಯಾದ ಮೇಲೆ ರೈಸೀನಾ, ಮಾಲ್ಚಾ ಮೊದಲಾದ ಹಳ್ಳಿಗಳ ಜಮೀನನ್ನು 1894ರ ಭೂಸ್ವಾಧೀನ ಕಾಯ್ದೆಯಡಿ ಪಡೆಯಲಾಯಿತು. ರಾಷ್ಟ್ರಪತಿ ಭವನ ನಿಂತಿರುವ ಗುಡ್ಡಕ್ಕೆ ಉಳಿದಿರುವುದು ಹಳೆಯ ಊರಿನ ಹೆಸರು ಮಾತ್ರ. ಕರಕುಶಲ ಸಂಗ್ರಹಾಲಯದ ಎದುರಿಗಿರುವ ಪುರಾನಾ ಕಿಲಾದ ಗೋಡೆಗಳೊಳಗೂ 20ನೇ ಶತಮಾನದ ಆರಂಭದವರೆಗೆ ಇಂದರ್‌ಪತ್ ಎಂಬ ಹಳ್ಳಿಯಿತ್ತು.

1908ರಿಂದ ಕಂದಾಯ ದಾಖಲೆಗಳಲ್ಲಿ ಹಳ್ಳಿಯ ವಾಸದ ಜಾಗವನ್ನು ಕೃಷಿಭೂಮಿಯಿಂದ ಬೇರ್ಪಡಿಸಲು ನಕ್ಷೆಯ ಮೇಲೆ ಕೆಂಪು ಗೆರೆ ಎಳೆಯುವ ಪದ್ಧತಿ ಬಂತು. ಇದೇ ‘ಲಾಲ್ ಡೋರಾ’. ಮುಂದೆ ಹೊಲಗಳು ಬಡಾವಣೆಗಳಾದವು, ಗೆರೆಯ ಒಳಗಿನ ಮನೆಗಳು ನಗರದ ನಡುವೆ ಸಿಕ್ಕಿಕೊಂಡವು. ಹೌಜ್ ಖಾಸ್, ಶಾಹ್‌ಪುರ್ ಜಾಟ್ ಮೊದಲಾದವು ಹೀಗೆ ‘ನಗರ ಗ್ರಾಮ’ಗಳಾದವು. 2011ರ ಜನಗಣತಿಯ ಪ್ರಕಾರ ದೆಹಲಿಯ ಗ್ರಾಮೀಣ ಜನಸಂಖ್ಯೆ ಕೇವಲ ಶೇಕಡ 2.5. ಇಲ್ಲಿ ಬೆಳೆಯುವ ಮಕ್ಕಳಿಗೆ ಕಣಜ, ರಾಟೆ, ನೇಗಿಲು, ಒನಕೆಗಳು ಸಂಗ್ರಹಾಲಯದಲ್ಲೇ ಮೊದಲು ಕಾಣಿಸುತ್ತವೆ. ಆದ್ದರಿಂದ ಅವನ್ನು ಹೇಗೆ ತೋರಿಸಬೇಕು ಎಂಬ ಪ್ರಶ್ನೆಗೆ ದೆಹಲಿಯಲ್ಲಿ ಹೆಚ್ಚಿನ ತೂಕವಿದೆ.

ಬಯಲಿನಲ್ಲಿ ಹಳ್ಳಿಮನೆಗಳನ್ನು ನಿಲ್ಲಿಸಿ ತೋರಿಸುವ ಕ್ರಮ ಸ್ವೀಡನ್ನಿನಿಂದ ಹರಡಿತು. ಆರ್ಥರ್ ಹಸೇಲಿಯಸ್ 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ತೆರೆದ ಸ್ಕಾನ್ಸೆನ್ ಇದಕ್ಕೆ ಮಾದರಿ. ದೇಶದ ಬೇರೆ ಬೇರೆ ಭಾಗಗಳ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಲಾಯಿತು. ಮರದ ಮನೆಗಳಿಗೆ ಒಪ್ಪುವ ಈ ಉಪಾಯ ಭಾರತದ ಮಣ್ಣಿನ ಮನೆಗಳಿಗೆ ಒಗ್ಗುವುದಿಲ್ಲ. ಮಣ್ಣಿನ ಗೋಡೆಯನ್ನು ಬಿಚ್ಚಿ ಸಾಗಿಸಲಾಗದು. ಕಟ್ಟಬಲ್ಲವರನ್ನೇ ಕರೆಸಿ ಹೊಸದಾಗಿ ಕಟ್ಟಿಸಬೇಕು.

ಸ್ಥಾಪನೆ

ಸ್ವಾತಂತ್ರ್ಯದ ಬಳಿಕ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು. ಕಮಲಾದೇವಿ ಚಟ್ಟೋಪಾಧ್ಯಾಯ (1903–1988) ಅದರ ಅಧ್ಯಕ್ಷೆಯಾಗಿ ದೀರ್ಘಕಾಲ ದುಡಿದರು. ಊರೂರು ಸುತ್ತಿ ಕುಂಬಾರರು, ನೇಕಾರರು, ಕಂಚುಗಾರರು, ಬುಟ್ಟಿ ಹೆಣೆಯುವವರನ್ನು ಕಂಡು, ಕಾರ್ಖಾನೆಯ ಮಾಲಿನ ಮುಂದೆ ಸೊರಗುತ್ತಿದ್ದ ಅವರ ಕಸುಬುಗಳಿಗೆ ಮಾರುಕಟ್ಟೆ ಮತ್ತು ಮನ್ನಣೆ ಒದಗಿಸುವುದು ಅವರ ಗುರಿಯಾಗಿತ್ತು. ಕಸುಬುದಾರರಿಗೆ ಹಳೆಯ ಒಳ್ಳೆಯ ಮಾದರಿಗಳು ನೋಡಲು ಸಿಗಬೇಕು ಎಂಬ ಉದ್ದೇಶದಿಂದ ಮಂಡಳಿ ವಸ್ತುಗಳನ್ನು ಕೂಡಿಸತೊಡಗಿತು. 1950ರ ದಶಕದಲ್ಲಿ ಶುರುವಾದ ಆ ಸಂಗ್ರಹವೇ ಇಂದಿನ ಸಂಗ್ರಹಾಲಯದ ಬುನಾದಿ. ತಾತನ ಕಾಲದ ಸೆರಗನ್ನು ಮೊಮ್ಮಗ ನೋಡಿ ಮತ್ತೆ ನೇಯಬೇಕು ಎಂಬ ಆಸೆ ಅದರಲ್ಲಿತ್ತು. ಪ್ರವಾಸಿಗರಿಗಿಂತ ಮೊದಲು ಈ ಸಂಗ್ರಹಾಲಯ ಕಸುಬುದಾರರದ್ದು ಎಂಬುದನ್ನು ನೆನಪಿಟ್ಟರೆ ಅದರ ಏರ್ಪಾಡೆಲ್ಲ ಸರಿಯಾಗಿ ಅರ್ಥವಾಗುತ್ತದೆ.

ಸಂಸ್ಥೆ ಕೇಂದ್ರ ಜವಳಿ ಸಚಿವಾಲಯದ ಅಧೀನದಲ್ಲಿದೆ. ಸಂಗ್ರಹದಲ್ಲಿ 30,000ಕ್ಕೂ ಹೆಚ್ಚು ವಸ್ತುಗಳಿವೆ. 1980ರ ದಶಕದ ಮಧ್ಯದಿಂದ ಹಲವು ವರ್ಷ ಇದನ್ನು ನಡೆಸಿದ ವಿದ್ವಾಂಸ ಜ್ಯೋತೀಂದ್ರ ಜೈನ್ ಅವರ ಕಾಲದಲ್ಲಿ ಗ್ಯಾಲರಿಗಳು ಇಂದಿನ ಸ್ವರೂಪ ಪಡೆದವು. ಜನಪದ ಮತ್ತು ಬುಡಕಟ್ಟು ಕಲಾವಿದರನ್ನು ಅವರವರ ಹೆಸರಿನಿಂದಲೇ ಗುರುತಿಸುವ ಕ್ರಮ ಗಟ್ಟಿಯಾಯಿತು.

ಹಳ್ಳಿ ಸಮುಚ್ಚಯ

ಸ್ವಾತಂತ್ರ್ಯದ 25ನೇ ವರ್ಷವಾದ 1972ರಲ್ಲಿ ಪ್ರಗತಿ ಮೈದಾನದಲ್ಲಿ ‘ಏಷ್ಯಾ 72’ ಎಂಬ ಅಂತರರಾಷ್ಟ್ರೀಯ ವಾಣಿಜ್ಯ ಮೇಳ ನಡೆಯಿತು. ಅದರ ಅಂಗವಾಗಿ ದೇಶದ ಬೇರೆ ಬೇರೆ ಪ್ರದೇಶಗಳ ಹಳ್ಳಿಮನೆಗಳನ್ನು ಆಯಾ ಊರಿನವರ ಕೈಯಲ್ಲೇ, ಅವರದೇ ವಿಧಾನದಲ್ಲಿ ಕಟ್ಟಿಸಲಾಯಿತು. ಮೇಳ ಮುಗಿದೊಡನೆ ಕೆಡವಬೇಕಾಗಿದ್ದ ಆ ಮನೆಗಳನ್ನು ಉಳಿಸಿಕೊಂಡು ಸಂಗ್ರಹಾಲಯಕ್ಕೆ ಸೇರಿಸಲಾಯಿತು. ಅದೇ ಮೇಳಕ್ಕಾಗಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ ಕಟ್ಟಿದ ಕಾಂಕ್ರೀಟಿನ ‘ಹಾಲ್ ಆಫ್ ನೇಷನ್ಸ್’ 2017ರಲ್ಲಿ ನೆಲಸಮವಾಯಿತು. ಮಣ್ಣು–ಬಿದಿರಿನ ಮನೆಗಳು ಅದಕ್ಕಿಂತ ಹೆಚ್ಚು ಕಾಲ ಬಾಳಿದವು. ವರ್ಷವರ್ಷವೂ ಸಾರಿಸಿ, ಹುಲ್ಲು ಹೊದಿಸಿ, ಒಡೆದದ್ದನ್ನು ಮೆತ್ತಿ ಸರಿಪಡಿಸುತ್ತ ಬಂದರೆ ಮಾತ್ರ ಇಂಥ ಮನೆ ನಿಲ್ಲುತ್ತದೆ. ಹಳ್ಳಿಯಲ್ಲಿ ಸುಗ್ಗಿಯ ಮೊದಲು, ಹಬ್ಬದ ಮುನ್ನ ತಾನಾಗಿ ನಡೆಯುವ ಈ ಕೆಲಸಕ್ಕೆ ಇಲ್ಲಿ ಆಡಳಿತದ ಗಮನ ಮತ್ತು ಅನುದಾನ ಬೇಕು.

ಸಮುಚ್ಚಯದಲ್ಲಿ ಹಿಮಾಚಲದ ಕುಲು, ಗುಜರಾತಿನ ಕಛ್‌ನ ಬನ್ನಿ, ನೀಲಗಿರಿಯ ತೋಡ, ಅರುಣಾಚಲದ ಆದಿ, ಅಸ್ಸಾಮಿನ ರಾಭಾ, ನಿಕೋಬಾರ್ ಮೊದಲಾದ ಮನೆಗಳಿವೆ. ಅವನ್ನು ಸುತ್ತುವ ಕಾಲುದಾರಿಯಲ್ಲಿ ಹೆಜ್ಜೆ ಹೆಜ್ಜೆಗೂ ಹವಾಮಾನ ಬದಲಾದಂತೆ ಭಾಸವಾಗುತ್ತದೆ. ಎರಡು ಮೂರು ಮನೆಗಳನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ.

ಕುಲು ಕಣಿವೆಯ ಮನೆಯದ್ದು ‘ಕಾಠ್ ಕುಣಿ’ ಕಟ್ಟಡ. ದೇವದಾರು ತೊಲೆಯ ಒಂದು ಸಾಲು, ಅದರ ಮೇಲೆ ಕಲ್ಲಿನ ಒಂದು ಸಾಲು, ಮತ್ತೆ ತೊಲೆ. ಗಾರೆಯ ಗೊಡವೆಯೇ ಇಲ್ಲ. ಭೂಮಿ ನಡುಗಿದಾಗ ಸಾಲುಗಳು ಕೊಂಚ ಸರಿದಾಡಿ ಅದುರನ್ನು ಹೀರಿಕೊಳ್ಳುತ್ತವೆ. ಕೆಳಗೆ ದನಕರು, ಮೇಲೆ ಜನ. ಕೊಟ್ಟಿಗೆಯ ಶಾಖ ಚಳಿಗಾಲದಲ್ಲಿ ಮೇಲಿನವರನ್ನು ಬೆಚ್ಚಗಿಡುತ್ತದೆ.

ಬನ್ನಿಯ ‘ಭುಂಗಾ’ ದುಂಡನೆಯ ಮಣ್ಣಿನ ಮನೆ. ಮೇಲೆ ಶಂಕುವಿನಾಕಾರದ ಹುಲ್ಲಿನ ಮಾಡು. ಬಿರುಗಾಳಿಗೆ ತಾಗಲು ಮೂಲೆಗಳಿಲ್ಲ, ಭೂಕಂಪದಲ್ಲಿ ಬಿರಿಯಲು ಚೌಕದ ಸಂದುಗಳಿಲ್ಲ. 2001ರ ಕಛ್ ಭೂಕಂಪದಲ್ಲಿ ಚೆನ್ನಾಗಿ ಕಟ್ಟಿದ ಭುಂಗಾಗಳು ತಾಳಿಕೊಂಡದ್ದನ್ನು ಎಂಜಿನಿಯರುಗಳು ಗಮನಿಸಿದ್ದಾರೆ. ಒಳಗೋಡೆಯಲ್ಲಿ ಹೆಂಗಸರು ಮಣ್ಣನ್ನು ಸಣ್ಣ ಎಳೆಗಳಾಗಿ ಹೊಸೆದು ಅಂಟಿಸಿ, ನಡುವೆ ಕನ್ನಡಿಯ ಚೂರುಗಳನ್ನು ಕೂರಿಸುತ್ತಾರೆ. ಕಿಟಕಿ ಕಡಿಮೆಯಿರುವ ಮನೆಯೊಳಗೆ ಒಂದು ದೀಪದ ಬೆಳಕು ಆ ಚೂರುಗಳಿಂದ ಹತ್ತಾರು ಕಡೆ ಹರಡುತ್ತದೆ. ಗೋಡೆಯ ಗೂಡು, ಧಾನ್ಯದ ಮಡಕೆ ಇಡುವ ಕಟ್ಟೆ, ಹಾಸಿಗೆ ಪೇರಿಸುವ ಜಾಗ ಎಲ್ಲವೂ ಅದೇ ಮಣ್ಣಿನಲ್ಲಿ ಮೂಡಿರುತ್ತವೆ.

ತೋಡರ ಮನೆ ಬಿದಿರು ಮತ್ತು ಬೆತ್ತವನ್ನು ಬಗ್ಗಿಸಿ ಮೇಲೆ ಹುಲ್ಲು ಹೊದಿಸಿದ ಕಮಾನು. ಬಾಗಿಲು ಎಷ್ಟು ಚಿಕ್ಕದೆಂದರೆ ದೊಡ್ಡವರು ಮಂಡಿಯೂರಿ ತೆವಳಿಯೇ ಒಳಹೋಗಬೇಕು. ನೀಲಗಿರಿಯ ಕೊರೆಯುವ ಚಳಿಗಾಳಿ ಮತ್ತು ಕಾಡುಪ್ರಾಣಿಗಳೆರಡನ್ನೂ ತಡೆಯುವ ಬಾಗಿಲದು. ಎಮ್ಮೆಗಳೇ ಬಾಳಿನ ಕೇಂದ್ರವಾದ ಈ ಜನರಲ್ಲಿ ಹಾಲಿನ ಗುಡಿಗಳೂ ಇದೇ ಕಮಾನಿನ ಆಕಾರದಲ್ಲಿರುತ್ತವೆ.

ಕಟ್ಟಡ ಮತ್ತು ಗ್ಯಾಲರಿಗಳು

ಸಂಗ್ರಹಾಲಯದ ಮುಖ್ಯ ಕಟ್ಟಡವನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ (1930–2015) ವಿನ್ಯಾಸಗೊಳಿಸಿದರು. 1975ರಿಂದ 1990ರವರೆಗೆ ಹಂತಹಂತವಾಗಿ ಅದು ಮೇಲೆದ್ದಿತು. ಹಳ್ಳಿಮನೆಗಳ ಪಕ್ಕದಲ್ಲಿ ಎತ್ತರದ ಸೌಧ ನಿಲ್ಲಿಸಿದರೆ ಅವು ಕುಗ್ಗಿಹೋಗುತ್ತವೆ ಎಂಬ ಎಚ್ಚರ ವಿನ್ಯಾಸದ ಉದ್ದಕ್ಕೂ ಕಾಣುತ್ತದೆ. ಕಟ್ಟಡಕ್ಕೆ ಮೆರೆಯುವ ಮುಂಭಾಗವಿಲ್ಲ. ತಗ್ಗಿನ ಗೋಡೆ, ಹೆಂಚಿನ ಮಾಡು, ಮಧ್ಯೆ ಹಾದುಹೋಗುವ ಬೀದಿ, ಬೀದಿಗೆ ತೆರೆದುಕೊಳ್ಳುವ ಅಂಗಳಗಳು. ಹಳ್ಳಿಯ ಅಂಗಳದಿಂದ ದೇಗುಲದ ಅಂಗಳಕ್ಕೆ, ಅಲ್ಲಿಂದ ದರ್ಬಾರಿನ ಅಂಗಳಕ್ಕೆ ನಡೆಯುತ್ತ ಹೋದಂತೆ ಮಡಕೆ–ಮೊರಗಳ ಲೋಕದಿಂದ ಅರಮನೆಯ ಕುಶಲವಸ್ತುಗಳವರೆಗೆ ಬರುತ್ತೇವೆ. ತಮಿಳುನಾಡಿನ ಗ್ರಾಮದೇವತೆ ಅಯ್ಯನಾರನಿಗೆ ಒಪ್ಪಿಸುವಂಥ ಸುಟ್ಟ ಮಣ್ಣಿನ ದೊಡ್ಡ ಕುದುರೆಗಳು, ಮರದ ತೇರು, ಗುಜರಾತಿನ ಪಾರಿವಾಳದ ಗೂಡು ಬಯಲಲ್ಲೇ ನಿಂತಿವೆ. ಅವು ಮೂಲದಲ್ಲಿ ಇದ್ದದ್ದೂ ಬಯಲಲ್ಲೇ.

ಒಳಗೆ ಜನಪದ ಮತ್ತು ಬುಡಕಟ್ಟು ಕಲೆ, ಆರಾಧನೆಯ ವಸ್ತುಗಳು, ದರ್ಬಾರಿನ ಕುಶಲಕಲೆ, ಜವಳಿ ಹೀಗೆ ವಿಭಾಗಗಳಿವೆ. ಜವಳಿ ಗ್ಯಾಲರಿಗೆ ಹೆಚ್ಚು ಸಮಯ ಕೊಡಬೇಕು. ಬಂಗಾಳದ ಜಾಮ್‌ದಾನಿ, ಬಾಲುಚರಿ ಮತ್ತು ಕಾಂತಾ, ಪಂಜಾಬಿನ ಫುಲ್ಕಾರಿ, ಹಿಮಾಚಲದ ಚಂಬಾ ರೂಮಾಲು, ಆಂಧ್ರದ ಕಲಂಕಾರಿ ಇಲ್ಲಿವೆ. ಕಾಂತಾ ಮತ್ತು ಫುಲ್ಕಾರಿಯನ್ನು ಹೆಂಗಸರು ಮನೆಗೆಲಸದ ನಡುವಿನ ಬಿಡುವಿನಲ್ಲಿ ಹೊಲಿದರು. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಹೊಲಿಯುವ ಕಾಂತಾ, ನಮ್ಮ ಊರುಗಳ ಕೌದಿಯ ಬಳಗಕ್ಕೆ ಸೇರಿದ್ದು. ಧಾರವಾಡ, ಹಾವೇರಿ ಕಡೆಯವರು ಅದರ ಮುಂದೆ ನಿಂತರೆ ಹೊಲಿಗೆಯ ನಡೆಯನ್ನು ಕೂಡಲೇ ಗುರುತಿಸುತ್ತಾರೆ.

ಮೆಕ್ಕೆಕಟ್ಟಿನ ಭೂತ ವಿಗ್ರಹಗಳು

ಸಂಗ್ರಹಾಲಯದ ಅತಿ ಪ್ರಭಾವಶಾಲಿ ವಸ್ತುಗಳಲ್ಲಿ ಕರ್ನಾಟಕ ಕರಾವಳಿಯ ಮರದ ಭೂತ ವಿಗ್ರಹಗಳು ಸೇರಿವೆ. ಇವು ಉಡುಪಿ ಜಿಲ್ಲೆಯ ಶಿರಿಯಾರ ಬಳಿಯ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದಿಂದ ಬಂದವು. ಕರಾವಳಿಯಲ್ಲಿ ಇಂಥ ವಿಗ್ರಹಗಳಿಗೆ ಹಲಸಿನ ಮರ ಬಳಕೆಯಲ್ಲಿದೆ. ಮರ ಜೀರ್ಣವಾದಾಗ ಹಳೆಯ ವಿಗ್ರಹದಿಂದ ಶಕ್ತಿಯನ್ನು ವಿಧಿಪೂರ್ವಕ ಬಿಡಿಸಿ ಹೊಸದನ್ನು ಪ್ರತಿಷ್ಠಾಪಿಸುವುದು ಸಂಪ್ರದಾಯ. ಮೆಕ್ಕೆಕಟ್ಟಿನಲ್ಲಿ ಇಂದಿಗೂ ಬಣ್ಣ ಬಳಿದ ಮರದ ವಿಗ್ರಹಗಳ ದೊಡ್ಡ ಸಮೂಹ ಪೂಜೆಗೊಳ್ಳುತ್ತಿದೆ.

ದೆಹಲಿಯಲ್ಲಿ ನಿಂತಿರುವ ವಿಗ್ರಹಗಳಲ್ಲಿ ಆಳೆತ್ತರದವು, ಅದಕ್ಕೂ ದೊಡ್ಡವು ಇವೆ. ಅಗಲಿಸಿದ ಕಣ್ಣು, ಹೊರಚಾಚಿದ ಹಲ್ಲು, ನೇರ ನಿಲುವು. ಬಣ್ಣ ಮಾಸಿದ ಕಡೆ ಮರದ ನಾರು ಎದ್ದು ಕಾಣುತ್ತದೆ. ಉಳಿಯ ಗುರುತನ್ನೂ ಓದಬಹುದು. ಕಲಾವಸ್ತುವಾಗಿ ನೋಡುವವರು ಅವುಗಳ ಗಾತ್ರ ಮತ್ತು ಬಿಗುವಿಗೆ ಬೆರಗಾಗುತ್ತಾರೆ. ಕರಾವಳಿಯವರಿಗೆ ಅಲ್ಲಿ ಇನ್ನೂ ಬಹಳಷ್ಟು ಇದೆ: ಸುತ್ತಲಿನ ಕಾಡು ಮತ್ತು ಗದ್ದೆ, ವರ್ಷಕ್ಕೊಮ್ಮೆ ಬರುವ ಕೋಲ, ಪಾತ್ರಿಯ ನುಡಿ, ಜಗಳ–ತಕರಾರುಗಳು ದೈವದ ಮುಂದೆ ಇತ್ಯರ್ಥವಾಗುವ ರೀತಿ, ಬೆಳೆಯ ಮೊದಲ ಪಾಲನ್ನು ಒಪ್ಪಿಸುವ ನಡವಳಿಕೆ. ಈ ಸಂಬಂಧಗಳನ್ನು ಬಲ್ಲ ಕನ್ನಡ, ತುಳು ಸಂದರ್ಶಕರೇ ಇಂಥ ಗ್ಯಾಲರಿಗೆ ಅತ್ಯುತ್ತಮ ವಿವರಣೆಗಾರರು. ಮನೆಯ ಹಿರಿಯರನ್ನು ಕರೆದೊಯ್ದು, ಅವರಿಂದಲೇ ಮಕ್ಕಳಿಗೆ ಹೇಳಿಸುವುದಕ್ಕಿಂತ ಒಳ್ಳೆಯ ನೋಟ ಇಲ್ಲಿ ಇನ್ನೊಂದಿಲ್ಲ.

ಕಸುಬುದಾರರು

ಮಳೆಗಾಲದ ತಿಂಗಳುಗಳನ್ನು ಬಿಟ್ಟು ಉಳಿದ ಸಮಯದಲ್ಲಿ ಬೇರೆ ಬೇರೆ ರಾಜ್ಯಗಳ ಕಸುಬುದಾರರನ್ನು ಸರದಿಯಂತೆ ಕರೆಸಿ, ಆವರಣದಲ್ಲೇ ಕೆಲಸ ಮಾಡಿ ಮಾರಲು ಅವಕಾಶ ಕೊಡುವುದು ಸಂಸ್ಥೆಯ ಹಳೆಯ ಕ್ರಮ. ಗಾಜಿನ ಪೆಟ್ಟಿಗೆಯಲ್ಲಿ ನೋಡಿದ ಮಡಕೆಯ ಜೊತೆಗೆ ತಿಗರಿ ತಿರುಗುವುದನ್ನೂ ನೋಡಬಹುದು. ಮಣ್ಣು ಎಲ್ಲಿಯದು, ಎಷ್ಟು ಹೊತ್ತು ಸುಡಬೇಕು, ಒಡೆದದ್ದಕ್ಕೆ ಏನು ಮಾಡುತ್ತೀರಿ ಎಂದು ಕೇಳಬಹುದು. ನಡುವೆ ದಲ್ಲಾಳಿ ಇಲ್ಲದ ಕಾರಣ ಹಣ ನೇರವಾಗಿ ಮಾಡಿದವರ ಕೈ ಸೇರುತ್ತದೆ.

ಇಂಥ ಬಾಂಧವ್ಯದಿಂದ ಹುಟ್ಟಿದ ದೊಡ್ಡ ಕೃತಿ ಮಿಥಿಲಾ ಕಲಾವಿದೆ ಗಂಗಾದೇವಿಯವರ ‘ಕೋಹಬರ್ ಘರ್’. ಬಿಹಾರದ ಮಿಥಿಲೆಯಲ್ಲಿ ಹೊಸ ದಂಪತಿಗಳ ಕೋಣೆಯ ಗೋಡೆಗೆ ತಾವರೆ, ಬಿದಿರು, ಮೀನು, ಗಿಳಿಗಳ ಚಿತ್ರ ಬರೆಯುವ ವಾಡಿಕೆಯಿದೆ. 1984ರಲ್ಲಿ ಪದ್ಮಶ್ರೀ ಪಡೆದ ಗಂಗಾದೇವಿ, ಕ್ಯಾನ್ಸರ್ ಚಿಕಿತ್ಸೆಗಾಗಿ ದೆಹಲಿಯಲ್ಲಿದ್ದ ದಿನಗಳಲ್ಲಿ ಸಂಗ್ರಹಾಲಯದ ಕೋಣೆಯೊಂದರ ಗೋಡೆಗಳ ಮೇಲೆ ಈ ಚಿತ್ರಗಳನ್ನು ಬರೆದರು. 1991ರಲ್ಲಿ ಅವರು ತೀರಿಕೊಂಡರು. ಮುಂದೆ ನವೀಕರಣದ ಕಾಮಗಾರಿಯಲ್ಲಿ ಆ ಚಿತ್ರಗಳು ನಾಶವಾದವು. 2015ರಲ್ಲಿ ಇದು ಬೆಳಕಿಗೆ ಬಂದಾಗ ಕಲಾವಿದರು, ವಿದ್ವಾಂಸರು ಬಹಿರಂಗವಾಗಿ ನೋವು ತೋಡಿಕೊಂಡರು. ಗೋಡೆಯ ಚಿತ್ರವನ್ನು ಸುಣ್ಣ ಬಳಿಯಬಹುದಾದ ಗೋಡೆಯೆಂದು ಕಾಣದೆ, ಹೆಸರಾಂತ ಕಲಾವಿದೆಯೊಬ್ಬರ ಕೃತಿಯೆಂದು ಕಾಣಬೇಕು. ಹಳ್ಳಿಯ ಕಲೆಯನ್ನು ಕಾಪಾಡುವ ಪ್ರತಿಯೊಂದು ಸಂಸ್ಥೆಗೂ ಈ ನಷ್ಟ ಕಲಿಸುವ ಪಾಠ ಇದು.

ಇತರ ಸಂಗ್ರಹಾಲಯಗಳು

ಸಂಸ್ಕೃತಿ ಸಂಗ್ರಹಾಲಯಗಳನ್ನು ಒ.ಪಿ. ಜೈನ್ ಕಟ್ಟಿ ಬೆಳೆಸಿದರು. ದೈನಂದಿನ ಕಲೆ, ಭಾರತೀಯ ಸುಟ್ಟಮಣ್ಣಿನ ಕಲೆ ಮತ್ತು ಜವಳಿ ಎಂಬ ಮೂರು ವಿಭಾಗಗಳು ಮರಗಳ ನಡುವಿನ ತಗ್ಗು ಕಟ್ಟಡಗಳಲ್ಲಿ ರೂಪುಗೊಂಡವು. ಅಡಕತ್ತರಿ, ಕಾಡಿಗೆಯ ಭರಣಿ, ಹುಕ್ಕಾ, ಬಾಚಣಿಗೆ, ಮಸಿಕುಡಿಕೆ, ಅಳತೆಯ ಪಾವುಗಳಂಥ ದಿನಬಳಕೆಯ ವಸ್ತುಗಳಿಗೇ ಒಂದು ವಿಭಾಗ ಮೀಸಲಾದದ್ದು ಅದರ ಹಿರಿಮೆ.

ಪೂಸಾದಲ್ಲಿರುವ ರಾಷ್ಟ್ರೀಯ ಕೃಷಿ ವಿಜ್ಞಾನ ಸಂಗ್ರಹಾಲಯವನ್ನು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2004ರಲ್ಲಿ ತೆರೆಯಿತು. ಬೇಸಾಯದ ಮೊದಲ ದಿನಗಳಿಂದ ಹಸಿರು ಕ್ರಾಂತಿಯವರೆಗಿನ ಕಥೆ ಇಲ್ಲಿದೆ. ದೆಹಲಿಯ ಸುತ್ತಲಿನ ನೆಲಕ್ಕೆ ಈ ಕಥೆಯಲ್ಲಿ ದೊಡ್ಡ ಸ್ಥಾನವಿದೆ. ಹರಿಯಾಣದ ಬನಾವಲಿಯಲ್ಲಿ ಸಿಂಧೂ ನಾಗರಿಕತೆಯ ಕಾಲದ ಮಣ್ಣಿನ ಆಟಿಕೆ ನೇಗಿಲು ಸಿಕ್ಕಿದೆ. ರಾಜಸ್ಥಾನದ ಕಾಲಿಬಂಗನ್‌ನಲ್ಲಿ ಉತ್ತ ಹೊಲದ ಸಾಲುಗಳೇ ಅಗೆತದಲ್ಲಿ ಕಂಡಿವೆ. ಪಕ್ಕದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1905ರಲ್ಲಿ ಬಿಹಾರದ ಪೂಸಾದಲ್ಲಿ ಆರಂಭವಾಗಿ, 1934ರ ಭೂಕಂಪದ ನಂತರ 1936ರಲ್ಲಿ ದೆಹಲಿಗೆ ಬಂತು. ಊರಿನ ಹೆಸರೂ ಅದರೊಂದಿಗೇ ಬಂತು.

ರಾಜಘಾಟ್ ಬಳಿಯ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯದಲ್ಲಿ ಬಗೆಬಗೆಯ ಚರಕಗಳ ಗ್ಯಾಲರಿಯಿದೆ. ಫರೀದಾಬಾದಿನ ಸೂರಜ್‌ಕುಂಡದಲ್ಲಿ 1987ರಿಂದ ಪ್ರತಿವರ್ಷ ಫೆಬ್ರುವರಿಯಲ್ಲಿ ನಡೆಯುವ ಕರಕುಶಲ ಮೇಳ, ಸಂಗ್ರಹಾಲಯವಲ್ಲದಿದ್ದರೂ, ಹಳ್ಳಿಯ ಕಸುಬುಗಳಿಗೆ ದೊಡ್ಡ ವೇದಿಕೆ. ನಡೆದಾಡಲು ಇಷ್ಟಪಡುವವರಿಗೆ ಮೆಹ್ರೌಲಿ ಪುರಾತತ್ವ ಉದ್ಯಾನದ ಕಾಲುದಾರಿಗಳಿವೆ. ಅಲ್ಲಿ 1506ರಲ್ಲಿ ಕಟ್ಟಿದ ‘ರಾಜೋಂ ಕೀ ಬಾವ್ಲಿ’ ಎಂಬ ಮೆಟ್ಟಿಲುಬಾವಿ, ಮತ್ತು ಊರಿನಂಚಿನಲ್ಲಿ ಸುಲ್ತಾನ ಇಲ್ತುತ್ಮಿಷ್ ಕಟ್ಟಿಸಿದ ಹೌಜ್–ಇ–ಶಮ್ಸಿ ಕೆರೆ ನೀರನ್ನು ಹಿಡಿದಿಟ್ಟು ಬದುಕಿದ ಒಣನೆಲದ ಕಥೆ ಹೇಳುತ್ತವೆ.

ಕರ್ನಾಟಕದಲ್ಲಿ

ಇದೇ ಹಂಬಲದ ಕೆಲಸಗಳು ಕರ್ನಾಟಕದಲ್ಲೂ ನಡೆದಿವೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸ ಅರಮನೆಯಲ್ಲಿದೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಅಲ್ಲಿ ವಸ್ತುಗಳ ಜೊತೆಗೆ ಹಾಡು, ಕುಣಿತ, ಗೊಂಬೆಯಾಟಗಳ ಧ್ವನಿಮುದ್ರಣ ಮತ್ತು ಚಿತ್ರೀಕರಣಕ್ಕೂ ಸಮಾನ ಮಹತ್ವ ಸಿಕ್ಕಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಉತ್ತರ ಕರ್ನಾಟಕದ ಹಳ್ಳಿಯ ದಿನಚರಿಯನ್ನೇ ಶಿಲ್ಪಗಳಲ್ಲಿ ನಿಲ್ಲಿಸಿದರು. ದೆಹಲಿಯದ್ದು ದೇಶವನ್ನೆಲ್ಲ ಒಂದೆಡೆ ತರುವ ಕೆಲಸವಾದರೆ ಇವು ಒಂದೊಂದು ಸೀಮೆಯನ್ನು ಆಳವಾಗಿ ಹಿಡಿಯುವ ಕೆಲಸ.

ಭೇಟಿ

ಕರಕುಶಲ ಸಂಗ್ರಹಾಲಯಕ್ಕೆ ಹತ್ತಿರದ ಮೆಟ್ರೊ ನಿಲ್ದಾಣ ನೀಲಿ ಮಾರ್ಗದ ಸುಪ್ರೀಂ ಕೋರ್ಟ್ (ಹಿಂದಿನ ಪ್ರಗತಿ ಮೈದಾನ). ಸೋಮವಾರ ರಜೆ. ಫೆಬ್ರುವರಿ, ಮಾರ್ಚ್ ತಿಂಗಳು ಬಯಲಿನಲ್ಲಿ ನಡೆಯಲು ಹಿತ; ನವೆಂಬರ್ ಸುಮಾರಿಗೆ ಹೊಗೆಮಂಜು ಕಾಡುತ್ತದೆ. ಬೆಳಗಿನ ತಂಪಿನಲ್ಲಿ ಹಳ್ಳಿಮನೆಗಳನ್ನು ಸುತ್ತಿ, ಬಿಸಿಲೇರಿದ ಮೇಲೆ ಗ್ಯಾಲರಿಗಳಿಗೆ ಹೋಗಿ, ಕೊನೆಗೆ ಕಸುಬುದಾರರ ಬಳಿ ಕೂರುವುದು ಒಳ್ಳೆಯ ಕ್ರಮ. ಮಧ್ಯಾಹ್ನದ ಬಳಿಕ ಎದುರಿನ ಪುರಾನಾ ಕಿಲಾವನ್ನೂ ನೋಡಬಹುದು. ಆನಂದಗ್ರಾಮದ ಕಡೆ ಹೊರಡುವ ಮುನ್ನ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಮಹತ್ವ

ಹಳ್ಳಿಯ ವಸ್ತು ಬಳಕೆಯಿಂದ ಬೇರೆಯಾದೊಡನೆ ಅರ್ಧ ಮೂಕವಾಗುತ್ತದೆ. ಅದನ್ನು ಯಾರು ಮಾಡಿದರು, ಯಾವ ಊರಿನ ಮಣ್ಣು–ಮರ, ಯಾವ ಕಾಲದಲ್ಲಿ ಬಳಸುತ್ತಿದ್ದರು, ಊರವರು ಏನೆಂದು ಕರೆಯುತ್ತಿದ್ದರು ಎಂಬ ವಿವರಗಳು ಜೊತೆಗಿದ್ದರೆ ಮಾತ್ರ ಮುಂದಿನವರಿಗೆ ಅದು ಉಪಯೋಗಕ್ಕೆ ಬರುತ್ತದೆ. ದೆಹಲಿಯ ಅರ್ಧ ಶತಮಾನದ ಅನುಭವ ಇನ್ನೊಂದನ್ನೂ ತೋರಿಸಿದೆ: ಮೆತ್ತುವ, ಹೆಣೆಯುವ, ಕೆತ್ತುವ ಕೈಗಳು ಮತ್ತೆ ಮತ್ತೆ ಬರುತ್ತಿದ್ದರೆ ಮಣ್ಣಿನ ಮನೆಯೂ ಬಾಳುತ್ತದೆ, ಎಚ್ಚರ ತಪ್ಪಿದರೆ ಸರ್ಕಾರಿ ಕಟ್ಟಡದೊಳಗಿನ ಗೋಡೆಯ ಚಿತ್ರವೂ ಉಳಿಯುವುದಿಲ್ಲ. ನಮ್ಮ ಊರುಗಳಲ್ಲಿ ಹಗೇವು, ಕಣಜ, ಏತ, ಗಾಣಗಳನ್ನು ಬಳಸಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಶಾಲೆಗಳೂ ಪಂಚಾಯಿತಿಗಳೂ ಅವರ ಮಾತನ್ನು ಈಗಲೇ ದಾಖಲಿಸಿಕೊಂಡು, ಕಸುಬು ಬಲ್ಲವರಿಗೆ ಕೆಲಸ ಕೊಡಬೇಕು. ಕಮಲಾದೇವಿಯವರು ಏಳು ದಶಕಗಳ ಹಿಂದೆ ಹಿಡಿದ ದಾರಿ ಅದೇ.